ಅಟ್ಟದ ಮೇಲಿನ ಅಚ್ಚುಕಟ್ಟು

ಮೊದಲ ಕಾಯಿ ಕೈಗೆ ಬಂದಾಗಲೇ ಚಿಕ್ಕಹನುಮಯ್ಯನ ಮುಖ ಬದಲಾಯಿತು. ಹಗುರ. ತೀರಾ ಹಗುರ.

ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಹದವಾಗಿ ಒಣಗಿದ ಕಾಯಿಯಾದರೆ ಒಳಗಿನ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗೊಟಗೊಟ ಎನ್ನುತ್ತದೆ. ಒಣಗದಿದ್ದರೆ ನೀರು ಕುಲುಕುತ್ತದೆ. ಇದು ಎರಡೂ ಮಾಡಲಿಲ್ಲ.

“ದಯಣ್ಣ, ಇದ್ರಾಗೆ ಏನೂ ಇಲ್ಲ ಕಣಣ್ಣ!”

ಅಟ್ಟದ ಕೆಳಗೆ ಚೀಲ ಹಿಡಿದು ನಿಂತಿದ್ದ ದಯಾನಂದ ನಕ್ಕ. “ವಯಸ್ಸಾಯ್ತು ನಿಂಗೆ. ಇನ್ನೊಂದು ನೋಡು.”

ಇನ್ನೊಂದೂ ಹಗುರ. ಅದರ ಪಕ್ಕದ್ದೂ ಹಗುರ. ದಯಾನಂದ ನಗು ನಿಲ್ಲಿಸಿ ಏಣಿ ಹತ್ತಿದ.

ಹೊನ್ನವಳ್ಳಿಯಲ್ಲಿ ದಯಾನಂದನ ಅಟ್ಟಕ್ಕೆ ಒಂದು ಹೆಸರಿತ್ತು. ಬೇರೆಯವರು ಕಾಯಿ ಕುಯ್ಯಿಸಿ ಅಟ್ಟಕ್ಕೆ ಸುರಿದು ಕೈ ತೊಳೆದುಕೊಂಡರೆ, ಇವನ ಅಟ್ಟದಲ್ಲಿ ಒಂದೊಂದು ಕಾಯಿಯೂ ತೊಟ್ಟು ಮೇಲೆ ಮಾಡಿಕೊಂಡು ಸಾಲಾಗಿ ಕೂರಬೇಕು. ಯಾವ ಕುಯ್ಲಿನ ಕಾಯಿ ಯಾವ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಅಚ್ಚುಕಟ್ಟು ಎಂಬ ಮಾತು ಅವನ ಬಾಯಲ್ಲಿ ಎಲೆಯಡಿಕೆಯ ಹಾಗೆ ಸದಾ ಇರುತ್ತಿತ್ತು. ಅದು ಬೇರೆಯವರಲ್ಲಿಲ್ಲ ಎಂದು ಹೇಳುವುದರಲ್ಲಿ ಅವನಿಗೆ ವಿಶೇಷ ಸುಖವೂ ಇತ್ತು.

ಈಗ ಹಿಂಗೋಡೆಯ ಕಡೆಯ ಹಳೇ ಕುಯ್ಲಿನ ಸಾಲುಗಳು ಅವನ ಕಣ್ಣೆದುರು ಒಂದಿಷ್ಟೂ ಕದಲದೆ ಕೂತಿದ್ದವು. ಅವನು ಒಂದನ್ನೆತ್ತಿ ತಿರುಗಿಸಿ ನೋಡಿದ. ಸಿಪ್ಪೆಯನ್ನು ಉದ್ದಕ್ಕೆ ಸೀಳಿ, ಒಳಗಿನ ಕಾಯಿಯನ್ನು ತೆಗೆದು, ಸಿಪ್ಪೆಯನ್ನು ಮೊದಲಿನಂತೆ ಮುಚ್ಚಿ ನಾರಿನಿಂದ ಕಟ್ಟಲಾಗಿತ್ತು. ಸೀಳು ಕೆಳಮುಖವಾಗಿ, ತೊಟ್ಟು ಮೇಲ್ಮುಖವಾಗಿ. ಮೇಲಿಂದ ನೋಡಿದರೆ ಹುಟ್ಟಿಸಿದ ದೇವರಿಗೂ ಗೊತ್ತಾಗುವಂತಿರಲಿಲ್ಲ.

“ಕಳ್ಳತನ!” ಎಂದ ದಯಾನಂದ. “ಅದೂ ಇಷ್ಟು ಅಚ್ಚುಕಟ್ಟಾಗಿ!”

ಕೊಬ್ಬರಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದ್ದ ಕಾಲ. ದೀಪಾವಳಿಯ ತನಕ ಕಾಯುವುದು ಬೇಡ, ಈಗಲೇ ಸುಲಿಸಿ ತಿಪಟೂರಿನ ಮಾರುಕಟ್ಟೆಗೆ ಹಾಕೋಣವೆಂದು ಅವನು ಅಂದು ಅಟ್ಟ ಹತ್ತಿಸಿದ್ದ. ಸಿಟ್ಟು ನೆತ್ತಿಗೇರಿತು. ಸಾಲುಗಳನ್ನು ಕಾಲಿನಿಂದಲೇ ನೂಕಿದ. ಖಾಲಿ ಕಾಯಿಗಳು ದಡದಡ ಕೆಳಗೆ ಬಿದ್ದು ರಾಶಿಯಾದವು. ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ತುಂಬಿದ ಕಾಯಿಯೂ ಕಂಡಿತು. ಕಳ್ಳನಿಗೆ ಅವಸರವಾಗಿರಬೇಕು ಎಂದುಕೊಂಡ. ಕೈ ಸೋತಾಗ ನಿಲ್ಲಿಸಿದ. ಒಂದೆರಡು ಸಾಲು ಹಾಗೆಯೇ ಉಳಿದವು. ಮುಂದಿನ ಕಡೆಯ ಹೊಸ ಕಾಯಿಗಳನ್ನು ಯಾರೂ ಮುಟ್ಟಿರಲಿಲ್ಲ.

“ಒಟ್ಟು ಎರಡು ಚೀಲದಷ್ಟು ಹೋಗ್ಯದೆ,” ಎಂದ ಚಿಕ್ಕಹನುಮಯ್ಯ ರಾಶಿಯ ಅಂದಾಜು ಹಾಕಿ. “ಯಾರ ಕೆಲ್ಸನೋ, ಭಾರಿ ನೀಟು.”

ನೀಟು. ಆ ಮಾತು ಕೇಳಿದ್ದೇ ತಡ, ದಯಾನಂದನ ತಲೆಯಲ್ಲಿ ಒಂದು ಮುಖ ಮೂಡಿತು.

ಫೈಸಲ್. ಬೋರಿನ ಮೋಟರ್ ಕೆಟ್ಟರೆ ಊರಿನವರೆಲ್ಲ ಕರೆಯುತ್ತಿದ್ದ ಮೆಕ್ಯಾನಿಕ್. ಹೋದ ತಿಂಗಳು ಇದೇ ಕೋಣೆಯ ಗೋಡೆಯ ಮೇಲಿನ ಸ್ಟಾರ್ಟರ್ ಸರಿಮಾಡಲು ಬಂದು ಒಬ್ಬನೇ ಇಲ್ಲಿ ಕೆಲಸ ಮಾಡಿದ್ದ. ಅವನ ತಾಯಿ ಹಸೀನಾ ಬೇಗಂ ಬಟ್ಟೆ ಹೊಲಿಯುವವರು. ಮಗನಿಗೆಂದು ದಪ್ಪ ಕ್ಯಾನ್ವಾಸಿನ ಚೀಲವೊಂದನ್ನು ಹೊಲಿದುಕೊಟ್ಟಿದ್ದರು. ಒಂದೊಂದು ಸ್ಪ್ಯಾನರಿಗೆ ಒಂದೊಂದು ಜೇಬು. ಕತ್ತಲಲ್ಲಿ ಕೈ ಹಾಕಿದರೂ ಬೇಕಾದ್ದೇ ಸಿಗುತ್ತಿತ್ತು. ‘ಇವನನ್ನ ನೋಡಿ ಕಲೀರಿ’ ಎಂದು ಊರಿಗೆಲ್ಲ ಹೇಳಿದ್ದವನು ಬೇರೆ ಯಾರೂ ಅಲ್ಲ, ದಯಾನಂದನೇ.

*

ಬಸ್ ನಿಲ್ದಾಣದ ಪಕ್ಕದ ಆಂಜನಪ್ಪನ ಟೀ ಅಂಗಡಿಯಲ್ಲಿ ಬೆಳಗಿನ ಜನ ತುಂಬಿದ್ದರು. ಫೈಸಲ್ ಲೋಟ ಹಿಡಿದು ನಿಂತಿದ್ದ. ದಯಾನಂದ ನೇರವಾಗಿ ಹೋಗಿ ಅವನ ಹೆಗಲ ಚೀಲ ಕಿತ್ತುಕೊಂಡ.

“ಎಲ್ಲಿಗೆ ಸಾಗಿಸ್ದೆ ಕಾಯಿನ?”

“ಯಾವ ಕಾಯಿ ದಯಣ್ಣ?”

“ನಮ್ಮ ಅಟ್ಟದ್ದು! ಸಿಪ್ಪೆ ಬಿಟ್ಟು ತಿರುಳು ಹೊಡ್ಕೊಂಡಿದ್ದೀಯಲ್ಲ, ಆ ಕಾಯಿ!”

ಲೋಟ ಹಿಡಿದಿದ್ದವರೆಲ್ಲ ಇತ್ತ ತಿರುಗಿದರು.

“ನಾನು ಮುಟ್ಟಿಲ್ಲ.”

“ಹಂಗಾರೆ ಯಾರು ಮುಟ್ಟಿದ್ರು? ಆ ಕೋಣೇಲಿ ಇದ್ದೋನು ನೀನು. ಹೇಳ್ಲಾ, ಯಾರು?”

ಫೈಸಲ್ ಬಾಯಿ ತೆರೆದ. ಏನೋ ಹೇಳಬೇಕೆಂದವನು ತಡೆದುಕೊಂಡ. ನೆಲ ನೋಡಿದ.

“ನಂಗೊತ್ತಿಲ್ಲ.”

“ನೋಡ್ರಪ್ಪ! ಕಣ್ಣಲ್ಲಿ ಕಣ್ಣಿಟ್ಟು ಮಾತಾಡಕ್ಕಾಗ್ತಿಲ್ಲ ಇವ್ನಿಗೆ!”

ದಯಾನಂದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಸ್ಪ್ಯಾನರು, ಇಕ್ಕಳ, ಟೆಸ್ಟರು, ತಂತಿಯ ಸುರುಳಿ, ಎಲ್ಲ ಮಣ್ಣಿಗೆ ಬಿದ್ದವು. ಕಾಯಿಯ ಚೂರೂ ಇರಲಿಲ್ಲ. ಕದ್ದ ಎರಡು ಚೀಲ ಕಾಯಿಯನ್ನು ಯಾರಾದರೂ ಹೆಗಲ ಚೀಲದಲ್ಲಿಟ್ಟುಕೊಂಡು ಓಡಾಡುತ್ತಾರೆಯೇ? ಅಷ್ಟೂ ಯೋಚಿಸುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ.

ಫೈಸಲ್ ಕುಕ್ಕರುಗಾಲಲ್ಲಿ ಕೂತ. ಒಂದೊಂದನ್ನೇ ಎತ್ತಿ, ಪ್ಯಾಂಟಿಗೆ ಒರೆಸಿ, ಅದರದರ ಜೇಬಿಗೆ ಸೇರಿಸಿದ. ಯಾರೂ ಕೈ ಹಾಕಲಿಲ್ಲ. ಟೀ ಕುಡಿಯುತ್ತಿದ್ದವರೆಲ್ಲ ಟೀ ಕುಡಿಯುವುದನ್ನೇ ಮುಂದುವರಿಸಿದರು. ದಯಾನಂದನಿಗೆ ಅಲ್ಲಿಂದ ಹೊರಟುಬಿಡಬೇಕೆನ್ನಿಸಿತು. ಹೊರಡಲೂ ಆಗಲಿಲ್ಲ. ಕೊನೆಯ ಸ್ಪ್ಯಾನರು ಜೇಬು ಸೇರುವ ತನಕ ನಿಂತಿದ್ದ. ನಾಚಿಕೆಯ ಮೊದಲ ಮುಳ್ಳು ಚುಚ್ಚಿದ್ದು ಅಲ್ಲಿಯೇ. ಅದನ್ನು ಅವನು ಸಿಟ್ಟೆಂದೇ ತಿಳಿದ.

ಮನೆಗೆ ಬಂದರೆ ತಾಯಿ ಬೋರಮ್ಮ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಮನೆ ತಲುಪಿತ್ತು.

“ಆ ಹುಡುಗನ್ನ ಯಾಕಪ್ಪ ಹಂಗಂದೆ? ಹೋದ್ರೆ ಹೋಗ್ಲಿ ಬುಡು. ಎಲ್ಡು ಚೀಲ ಕಾಯಿ ತಾನೆ?”

“ಇವತ್ತು ಎರಡು ಚೀಲ. ನಾಳೆ? ಕಂಪ್ಲೇಂಟ್ ಕೊಡ್ತೀನಿ.”

“ಬ್ಯಾಡ ಕಣ್ ಮಗಾ.”

“ನೀನು ಸುಮ್ನಿರವ್ವ!”

ಬೋರಮ್ಮ ಒಳಗೆ ಹೋಗಿ ಹೂವಿನ ಮೊರದ ಮುಂದೆ ಕೂತಳು.

ದೂರಿನಲ್ಲಿ ದಯಾನಂದ ತನ್ನ ದುಂಡು ಅಕ್ಷರದಲ್ಲಿ ಹೀಗೆ ಬರೆದ: ‘ಅತ್ಯಂತ ವ್ಯವಸ್ಥಿತ ರೀತಿಯಲ್ಲಿ ಕಳವು ಮಾಡಲಾಗಿದ್ದು, ಫೈಸಲ್ ಎಂಬಾತನ ಮೇಲೆ ಬಲವಾದ ಅನುಮಾನವಿರುತ್ತದೆ.’ ಸಾಕ್ಷಿಗೆಂದು ಖಾಲಿ ಕಾಯಿಯೊಂದನ್ನೂ ತೆಗೆದುಕೊಂಡು ಹೋಗಿ ಠಾಣೆಯ ಮೇಜಿನ ಮೇಲಿಟ್ಟ.

ಆ ವಾರ ಊರಿನ ಮೋಟರುಗಳಿಗೆ ತಿಪಟೂರಿನಿಂದ ಬೇರೆ ಮೆಕ್ಯಾನಿಕ್ ಬಂದ. ಮನೆಯೊಳಗೆ ಬಿಟ್ಟುಕೊಳ್ಳಬೇಕಾದ ಕೆಲಸ ಅದು. ಅನುಮಾನ ಅಂಟಿದವನನ್ನು ಯಾರು ಒಳಗೆ ಕರೆಯುತ್ತಾರೆ? ಫೈಸಲ್ ಟೀ ಅಂಗಡಿಯ ಮುಂದೆ ಚೀಲ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುವುದನ್ನು ದಯಾನಂದ ಬೈಕಿನಲ್ಲಿ ಹೋಗುವಾಗ ಬರುವಾಗ ನೋಡಿದ. ನೋಡದವನಂತೆ ಗೇರು ಬದಲಾಯಿಸಿದ.

*

ತನಿಖೆಗೆ ಬಂದವರು ಸಬ್ ಇನ್ಸ್‌ಪೆಕ್ಟರ್ ರುಕ್ಸಾನ.

ಹೆಸರು ಕೇಳಿದೊಡನೆ ದಯಾನಂದನ ಮನಸ್ಸಿನಲ್ಲಿ ‘ಮುಗೀತು, ಅವರವರೇ ಒಂದಾಗ್ತಾರೆ’ ಎಂಬ ಮಾತು ಬಂದುಹೋಯಿತು. ಬಾಯಲ್ಲಿ ಆಡಲಿಲ್ಲ. ಮುಖದಲ್ಲಿ ಬಂದಿತೋ ಏನೋ.

ರುಕ್ಸಾನ ಜಗಲಿಯ ಮೇಲೆ ಕೂತು ದೂರಿನ ಹಾಳೆ ಬಿಡಿಸಿದರು. “ದಯಾನಂದ್ ಅವರೇ, ನನ್ನ ಹೆಸರು ಕೇಳಿ ನಿಮಗೇನಾದ್ರೂ ಅನುಮಾನ ಬಂದಿದ್ರೆ ಈಗಲೇ ಹೇಳಿಬಿಡಿ. ಬೇರೆಯವರಿಗೆ ವಹಿಸ್ತಾರೆ.”

“ಛೇ, ಇಲ್ಲ ಮೇಡಂ!” ಎನ್ನುವಾಗ ಅವನ ಕಿವಿ ಬಿಸಿಯಾಯಿತು.

“ಸರಿ. ಇಲ್ಲಿ ‘ವ್ಯವಸ್ಥಿತ ರೀತಿಯಲ್ಲಿ’ ಅಂತ ಬರೆದಿದ್ದೀರಿ. ಏನು ಹಾಗಂದ್ರೆ?”

“ಅಚ್ಚುಕಟ್ಟಾಗಿ ಮೇಡಂ. ಓರಣವಾಗಿ. ಒಂದು ಸಾಲೂ ಕೆಡದ ಹಾಗೆ.”

“ಅದು ಕಣ್ಣಿಗೆ ಕಂಡಿದ್ದು. ನಾನು ಕೇಳ್ತಿರೋದು ಕ್ರಮ. ಮೊದಲು ಯಾವುದು ತೆಗೆದ, ಆಮೇಲೆ ಯಾವುದು, ಯಾವುದು ಬಿಟ್ಟ? ಅದನ್ನ ನೋಡಿದ್ರಾ?”

“ಅದು... ನೋಡ್ಲಿಲ್ಲ.”

“ಫೈಸಲ್ ಮೇಲೆ ಅನುಮಾನ ಯಾಕೆ?”

“ಅವನ ಕೆಲಸ ಹಾಗೇ ಮೇಡಂ. ಎಲ್ಲಾ ನೀಟು.”

“ನೀಟಾಗಿರೋದು ಒಂದೇ ಕಾರಣಾನಾ?”

ದಯಾನಂದ ಜಗಲಿಯ ಕಲ್ಲು ನೋಡಿದ. “ಕೇಳಿದಾಗ ತಲೆ ತಗ್ಗಿಸ್ದ,” ಎಂದ ಕೊನೆಗೆ.

“ನೀವೂ ಈಗ ತಲೆ ತಗ್ಗಿಸಿದ್ದೀರಿ,” ಎಂದರು ರುಕ್ಸಾನ. ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ಅಟ್ಟ ತೋರಿಸಿ.”

ಕೆಳಗಿನ ರಾಶಿ ನೋಡಿ ಅವರು ಹುಬ್ಬೇರಿಸಿದರು. “ಇದನ್ನ ಹೀಗೆ ಮಾಡಿದವರು?”

“ನಾನೇ. ಸಿಟ್ಟು ಬಂದಿತ್ತು.”

“ಕಳ್ಳ ಸಾಲು ಕೆಡಿಸಲಿಲ್ಲ. ನೀವು ಕೆಡಿಸಿದಿರಿ.”

ಏಣಿಯ ಬುಡದಲ್ಲಿ ನಿಂತಿದ್ದ ಚಿಕ್ಕಹನುಮಯ್ಯ ಅತ್ತ ತಿರುಗಿ ಕೆಮ್ಮಿದ.

ರುಕ್ಸಾನ ಶೂ ಬಿಚ್ಚಿಟ್ಟು ಅಟ್ಟ ಹತ್ತಿದರು. ಉಳಿದಿದ್ದ ಹಳೇ ಸಾಲುಗಳ ಮುಂದೆ ಮಂಡಿಯೂರಿ ಕೂತು, ಈ ತುದಿಯಿಂದ ಒಂದೊಂದೇ ಕಾಯಿ ಎತ್ತಿ ಕಿವಿಗಿಟ್ಟು ಅಲ್ಲಾಡಿಸಿ, ಎತ್ತಿದ ಜಾಗದಲ್ಲೇ ಇಡುತ್ತ ಹೋದರು. ಒಂದನ್ನೂ ಬಿಡಲಿಲ್ಲ. ದಯಾನಂದನಿಗೆ ಬೇಸರ ಬಂತು. ಬೆವರು ಬಂತು. ಖಾಲಿ, ಖಾಲಿ, ಖಾಲಿ — ಇದನ್ನು ನೋಡಲಿಕ್ಕೆ ಇಷ್ಟು ಹೊತ್ತು ಬೇಕೇ?

ಮೂಲೆಯ ಕೊನೆಯ ಕಾಯಿ ಗೊಟಗೊಟ ಎಂದಿತು.

ರುಕ್ಸಾನ ತಿರುಗಿ ಅವನ ಮುಖ ನೋಡಿದರು. ಪಕ್ಕದ ಸಾಲಿಗೆ ಹೋದರು. ಮತ್ತೆ ಈ ತುದಿಯಿಂದ. ಖಾಲಿ, ಖಾಲಿ, ಕೊನೆಯವರೆಗೂ ಖಾಲಿ. ಮೂಲೆಯದು ಮಾತ್ರ ತುಂಬಿತ್ತು.

“ರಾಶಿಯಲ್ಲೂ ಕೆಲವು ತುಂಬಿದ ಕಾಯಿ ಸಿಕ್ಕಿದ್ವು ಅಂತ ದೂರಿನಲ್ಲಿ ಬರೆದಿದ್ದೀರಿ. ಸಾಲಿಗೊಂದರ ಹಾಗೆ ಇದ್ದಿರಬಹುದಾ?”

“ಇರಬಹುದು. ಕಳ್ಳನಿಗೆ ಅವಸರ —”

“ಅವಸರದಲ್ಲಿ ಇರೋನು ನಾರು ಕಟ್ಟುತ್ತಾ ಕೂರ್ತಾನಾ?” ರುಕ್ಸಾನ ಮೂಲೆಯ ಕಾಯಿಯನ್ನು ಎತ್ತಿ ಅವನ ಕೈಗಿಟ್ಟರು. “ಇದರ ಮೇಲೆ ಗುರುತಿಲ್ಲ. ಬಣ್ಣ ಬೇರೆ ಇಲ್ಲ. ಆದ್ರೂ ಪ್ರತಿ ಸಾಲಲ್ಲೂ ಇದೊಂದನ್ನೇ ಬಿಟ್ಟಿದ್ದಾರೆ. ನಾನು ತಿಪಟೂರು ಪೇಟೆಯವಳು, ಅಟ್ಟದ ರೀತಿರಿವಾಜು ನನಗೆ ಗೊತ್ತಿಲ್ಲ. ನೀವು ಹೇಳಿ. ಈ ಮೂಲೆಯಲ್ಲಿ ಏನು ವಿಶೇಷ?”

“ಅದು ದೇವಮೂಲೆ ಮೇಡಂ,” ಎಂದ ದಯಾನಂದ, ಹೆಮ್ಮೆಯಿಂದಲೇ. “ನಮ್ಮ ಮನೆ ಪದ್ಧತಿ. ಪ್ರತಿ ಸಾಲೂ ಈ ಕಡೆಯಿಂದ್ಲೇ ಶುರು ಮಾಡ್ತೀವಿ. ಸಾಲಿನ ಮೊದಲ ಕಾಯಿ ಮನೆದೇವರಿಗೆ ಮೀಸಲು. ಅದನ್ನ ನಾವು ಯಾರೂ —”

ಅಲ್ಲಿಗೆ ಅವನ ಮಾತು ನಿಂತಿತು.

ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೇ ಬಿದ್ದಿತ್ತು. ಮೀಸಲನ್ನು ನಾವು ಯಾರೂ ಮುಟ್ಟುವುದಿಲ್ಲ. ನಾವು.

“ಮುಗಿಸಿ,” ಎಂದರು ರುಕ್ಸಾನ ಮೆಲ್ಲಗೆ.

“ನಾವು ಮುಟ್ಟೋದಿಲ್ಲ.”

“ಫೈಸಲ್‌ಗೆ ಈ ಮೀಸಲಿನ ವಿಷಯ ಗೊತ್ತಾ?”

“ಇಲ್ಲ.”

“ಮತ್ತೆ ಯಾರಿಗೆ ಗೊತ್ತು?”

ಬಾವಿಗೆ ಬಿದ್ದವನಿಗೆ ಹಗ್ಗ ಸಿಕ್ಕಿದಂತೆ ದಯಾನಂದ ಕೆಳಗೆ ನೋಡಿದ. “ಚಿಕ್ಕಹನುಮಯ್ಯಂಗೆ! ಕಾಯಿ ಜೋಡ್ಸೋನು ಅವನೇ!”

ಹೇಳಿದ ಮರುಕ್ಷಣ ಕೆಳಗೆ ಚಿಕ್ಕಹನುಮಯ್ಯನ ಮುಖ ಕಂಡಿತು. ಅಪ್ಪನ ಕಾಲದಿಂದ ಈ ಮನೆಯಲ್ಲಿ ದುಡಿದ ಮುದುಕ. ಅವನು ಬೈಯಲಿಲ್ಲ. ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ, ಅಷ್ಟೆ. ಒಂದೇ ವಾರದಲ್ಲಿ ಎರಡನೇ ಮನುಷ್ಯನ ಮೇಲೆ ಬೆರಳು ತೋರಿದ ದಯಾನಂದನಿಗೆ ಅಟ್ಟದ ಹಲಗೆ ಮುರಿದು ತಾನು ಕೆಳಗೆ ಬೀಳಬಾರದೇ ಅನ್ನಿಸಿತು.

“ಇಳೀರಿ,” ಎಂದರು ರುಕ್ಸಾನ. “ಅವರಲ್ಲ.”

*

ನಡುಮನೆಯಲ್ಲಿ ಬೋರಮ್ಮ ಗೋಡೆಗೊರಗಿ ಕೂತಿದ್ದಳು. ಮುಂದೆ ಮೊರದಲ್ಲಿ ಕನಕಾಂಬರ. ಹೂ ಕಟ್ಟುವ ಕೈ ಪೊಲೀಸರು ಬಂದರೂ ನಿಂತಿರಲಿಲ್ಲ.

ರುಕ್ಸಾನ ಠಾಣೆಯಿಂದ ತಂದಿದ್ದ ಖಾಲಿ ಕಾಯಿಯನ್ನು ನೆಲದ ಮೇಲಿಟ್ಟರು. ದಯಾನಂದ ತಾನೇ ಒಯ್ದು ಕೊಟ್ಟದ್ದು.

“ಇದನ್ನ ನೀವು ಎಷ್ಟು ಸಲ ನೋಡಿದ್ದೀರಿ, ದಯಾನಂದ್?”

“ಬೇಕಾದಷ್ಟು ಸಲ.”

“ಏನು ಕಂಡ್ರಿ?”

“ಅಚ್ಚುಕಟ್ಟಾಗಿ ಕಟ್ಟಿದಾರೆ ಅಂತ...”

“ಯಾವುದರಲ್ಲಿ?”

ಅವನು ಬಗ್ಗಿ ನೋಡಿದ. ಒಣಗಿ ಕಂದಾಗಿದ್ದ ನಾರು. ತೆಂಗಿನದಲ್ಲ.

“ಚಿಕ್ಕಹನುಮಯ್ಯ ಕಟ್ಟಿದ್ರೆ ಕೈಗೆ ಸಿಗೋ ತೆಂಗಿನ ನಾರಲ್ಲೇ ಕಟ್ತಿದ್ರು. ಫೈಸಲ್ ಕಟ್ಟಿದ್ರೆ ತಂತಿಯಲ್ಲಿ. ಇದು ಬಾಳೆ ನಾರು. ನೀರಲ್ಲಿ ನೆನೆಸಿ, ಎಳೆ ಎಳೆಯಾಗಿ ಸೀಳಿರೋದು. ಮತ್ತೆ ಗಂಟು ನೋಡಿ. ಒಂದು ಸುತ್ತು ಹಾಕಿ, ಬೆರಳಿಗೆ ಕುಣಿಕೆ ತಗೊಂಡು ಕೆಳಗಿನಿಂದ ಎಳೆಯೋದು. ಹೂ ಕಟ್ಟೋ ಗಂಟು. ನೀವು ಅಂದ ನೋಡಿದ್ರಿ, ಗಂಟು ನೋಡ್ಲಿಲ್ಲ.” ರುಕ್ಸಾನ ಮುದುಕಿಯ ಎದುರು ಚಾಪೆಯ ಮೇಲೆ ಕೂತರು. “ಮೀಸಲು ಗೊತ್ತಿರೋರು, ಅದಕ್ಕೆ ಅಂಜೋರು, ಹೂ ಕಟ್ಟೋರು. ಅಮ್ಮಾ, ಹೂ ದಿನಾ ನೀವೇ ಕಟ್ಟೋದಾ?”

ಬೋರಮ್ಮನ ಕೈ ಈಗ ನಿಂತಿತು.

“ನಾನೇ ಕಣವ್ವ. ಕಾಯಿ ತಗದದ್ದೂ ನಾನೇ.”

ದಯಾನಂದನ ಬಾಯಿಂದ ಹೊರಟದ್ದು ಪೆದ್ದನ ಮಾತು. “ಯಾಕವ್ವ? ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?”

“ಕೇಳ್ದೆ. ಎಲ್ಡು ಸಲ ಕೇಳ್ದೆ. ಧನ್ಯಂಗೆ ಮಗ ಆಗ್ಯದೆ, ಬಾಣಂತಿಗೆ ಒಂದಿಷ್ಟು ಕೊಬ್ರಿ ಬೆಲ್ಲ ಕಳ್ಸಾನ ಅಂದೆ. ಏನಂದೆ ನೀನು?”

ಅವನಿಗೆ ನೆನಪಿತ್ತು. ತಂಗಿ ಧನ್ಯಶ್ರೀ ತಾನು ಮೆಚ್ಚಿದವನನ್ನು ಮದುವೆಯಾಗಿ ದಬ್ಬೇಘಟ್ಟ ಸೇರಿದ ದಿನ, ಈ ಮನೆಯಿಂದ ಒಂದು ಹಿಡಿ ಉಪ್ಪೂ ಹೋಗಕೂಡದು ಎಂದವನು ಅವನು. ಮಗು ಹುಟ್ಟಿದ ಸುದ್ದಿ ಬಂದಾಗಲೂ ಅದನ್ನೇ ಅಂದಿದ್ದ, ಊಟದ ತಟ್ಟೆಯಿಂದ ತಲೆಯೆತ್ತದೆ.

“ಅದೇ ತಿಂಗ್ಳಲ್ಲಿ ನಿನ್ ಹೆಂಡ್ತೀನೂ ಬಾಣಂತಿ,” ಎಂದಳು ಬೋರಮ್ಮ. “ಮಾಯಸಂದ್ರಕ್ಕೆ, ಅವಳ ತವರಿಗೆ, ಅಂಟಿನುಂಡೆ ಕಟ್ಕಳ್ಳಿ ಅಂತ ನಮ್ ಮನೆ ಕಾಯಿ ಎಲ್ಡು ಚೀಲ ಕಳಿಸ್ದೆ. ನಮ್ ಕೊಬ್ರಿ ಥರ ಯಾರದೂ ಇಲ್ಲ ಅಂತ ಊರಿಗೆಲ್ಲ ಹೇಳ್ದೆ. ನಾನು ಬ್ಯಾಡ ಅಂದ್ನಾ? ಸೊಸೆಗೆ ಹೋಗಿದ್ದಕ್ಕೆ ನಂಗೆ ಹೊಟ್ಟೆಯುರಿ ಇಲ್ಲ ಕಣ್ಲಾ. ಅಷ್ಟೇ ಮಗಳಿಗೂ ಹೋಗ್ಲಿ ಅಂದ್ಕಂಡೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ನೀನು ತೋಟಕ್ಕೆ ಹೋದಾಗೆಲ್ಲ ಒಂದಷ್ಟು ಸುಲಿದೆ. ದೀಪಾವಳಿ ಹೊತ್ಗೆ ಹೆಂಗೂ ಹೇಳ್ಬೇಕು ಅಂತಿದ್ದೆ. ನೀನು ಈಗ್ಲೇ ಅಟ್ಟ ಹತ್ತುಸ್ದೆ.”

“ಆ ಚೀಲನ ಬಸ್ಸಿಗೆ ಹಾಕಿದ್ದು ನಾನೇ,” ಎಂದ ಚಿಕ್ಕಹನುಮಯ್ಯ ಬಾಗಿಲಿನಿಂದ. “ತುರುವೇಕೆರೆ ಬಸ್ಸು. ಎಲ್ಡೂರಿಗೂ ಅದೇ ದಾರಿ. ಸೊಸೆಮ್ಮಂಗೇ ಇನ್ನೊಂದ್ಸಲ ಹೋಯ್ತದೆ ಅಂದ್ಕಂಡೆ. ಯಾರೂ ನನ್ನ ಕೇಳ್ನಿಲ್ಲ.”

ರುಕ್ಸಾನ ದಯಾನಂದನ ಕಡೆ ತಿರುಗಿದರು. “ತೋಟ ಯಾರ ಹೆಸರಲ್ಲಿದೆ?”

“ಅಪ್ಪ ಹೋದ ಮೇಲೆ... ಅವ್ವಂದೂ ನಂದೂ.”

“ಅಷ್ಟೇನಾ?”

ಅವನು ಗಂಟಲು ಸರಿಮಾಡಿಕೊಂಡ. “ಧನ್ಯಂದೂ ಇದೆ.”

“ಹಾಗಾದ್ರೆ ಇಲ್ಲಿ ಕಳವೇ ಆಗಿಲ್ಲ. ತನ್ನ ಕಾಯಿ ತಾನು ತಗೊಂಡು, ತನ್ನ ಪಾಲು ಇರೋ ಮಗಳಿಗೆ ಕಳಿಸಿದ ತಾಯಿಯನ್ನ ನಾನು ಯಾವ ಕೇಸಿಗೆ ಹಾಕ್ಲಿ?” ರುಕ್ಸಾನ ದೂರಿನ ಹಾಳೆ ಮಡಚಿದರು. “ಆದ್ರೆ ಈ ಊರಲ್ಲಿ ಒಬ್ಬನ ಹೆಸರು ಹೋಗಿದೆ. ಅದನ್ನ ತೆಗೆದೋರು ಯಾರು ಅಂತ ನಾನು ಬೇರೆ ಹೇಳಬೇಕಾ?”

ಬೇಕಿರಲಿಲ್ಲ.

ಆಗ ಬೋರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕಾಯಿಯ ವಿಷಯ ಹೇಳುವಾಗ ನೆಟ್ಟಗಿದ್ದ ದನಿ ಈಗ ಒಡೆಯಿತು. “ಕಾಯಿ ತಗಂಡಿದ್ದಕ್ಕೆ ನಂಗೆ ನಾಚ್ಕೆ ಇಲ್ಲವ್ವ. ಆ ಹುಡುಗ ನನ್ನ ನೋಡ್ಬುಟ್ಟಿದ್ದ. ಅವತ್ತು ಸ್ಟಾರ್ಟರ್ ರಿಪೇರಿಗೆ ಬಂದಾಗ. ಬಿದ್ದುಗಿದ್ದೀಯ ಅಂತ ಏಣಿ ಹಿಡ್ಕಂಡು ನಿಂತಿದ್ದ. ಯಾರಿಗೂ ಹೇಳ್ಬ್ಯಾಡಪ್ಪ ಅಂದಿದ್ದೆ. ಇವ್ನು ಅವನ ಚೀಲನ ಮಣ್ಣಿಗೆ ಸುರಿದ ಅಂತ ಕೇಳ್ದಾಗ್ಲೂ ನಾನು ಬಾಯಿ ಬಿಡ್ನಿಲ್ಲ. ಇವತ್ತು ಹೇಳಾನ, ನಾಳೆ ಹೇಳಾನ ಅಂತ ಕುಂತ್ಕಂಡೆ. ಅದಕ್ಕೆ ನಾಚ್ಕೆ ಆಯ್ತದೆ. ಹೂ ಕಟ್ಟಿ ದೇವರಿಗೆ ಇಡಕ್ಕೂ ಕೈ ಬರಾಕಿಲ್ಲ.”

ದಯಾನಂದ ತಾಯಿಯ ಪಕ್ಕ ಗೋಡೆಗೊರಗಿ ಕೂತ. ಫೈಸಲ್ ಬಾಯಿ ತೆರೆದು ಮುಚ್ಚಿದ್ದು ಕಣ್ಣಿಗೆ ಕಟ್ಟಿತು. ಅದನ್ನು ಇಡೀ ಊರಿಗೆ ಕಳ್ಳನ ಲಕ್ಷಣವೆಂದು ತೋರಿಸಿದ್ದವನು ತಾನು. ರುಕ್ಸಾನ ಶೂ ಹಾಕಿಕೊಂಡು ಜೀಪಿನ ಕಡೆಗೆ ಹೋದರು. ಅವನು ಎದ್ದು ಬೀಳ್ಕೊಡಲೂ ಇಲ್ಲ.

*

ಆಂಜನಪ್ಪನ ಅಂಗಡಿಗೆ ಅವನು ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಬಹುದಿತ್ತು. ದಾರಿಯಲ್ಲಿ ಆ ಆಸೆ ಬಂದದ್ದೂ ನಿಜ. ಆದರೂ ಬೆಳಗಿನ ಬಸ್ಸಿಗೆ ಜನ ಕೂಡುವ ಹೊತ್ತಿಗೇ ಹೋದ. ಫೈಸಲ್ ಬೆಂಚಿ ತುದಿಯಲ್ಲಿದ್ದ. ಇವನನ್ನು ಕಂಡು ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

ಆ ಒಂದು ಎಳೆತ ಸಾಕಾಗಿತ್ತು. ದಯಾನಂದ ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

“ಕಾಯಿ... ಸಿಕ್ತು ಕಣಪ್ಪ. ಏನೋ ತಪ್ಪು ತಿಳ್ಕೊಂಡಿದ್ದೆ.”

“ಹೌದಾ,” ಎಂದ ಫೈಸಲ್.

“ಹಂಗಾರೆ ಯಾರು ತಗಂಡಿದ್ದಂತೆ?” ಎಂದು ಆಂಜನಪ್ಪ ಒಲೆಯ ಹಿಂದಿನಿಂದ ಕೇಳಿದ. ಎಲ್ಲರ ಕಿವಿಯೂ ಇತ್ತಲೇ ಇತ್ತು.

ದಯಾನಂದ ತಡವರಿಸಿದ. ತಾಯಿಯ ಹೆಸರನ್ನು ಈ ಬೆಂಚಿನ ಮೇಲಿಡುವುದು ಹೇಗೆ? ಇಡದಿದ್ದರೆ ಫೈಸಲ್‌ನ ಹೆಸರು ಮಣ್ಣಿನಲ್ಲೇ ಉಳಿಯುತ್ತದೆ. ಮನೆಯಿಂದ ಹೊರಡುವಾಗ ಬೋರಮ್ಮ ಹೇಳಿದ್ದಳು: ‘ನನ್ನ ಹೆಸರು ಹೇಳು. ಹೇಳದೆ ಬಂದ್ರೆ ನಾನೇ ಹೋಯ್ತೀನಿ.’

ಅವನು ಫೈಸಲ್‌ನ ಎದುರು ಬಗ್ಗಿ ಮೆಲ್ಲಗೆ ಕೇಳಿದ: “ನೀನು ಅವತ್ತೇ ಯಾಕಪ್ಪ ಹೇಳ್ಲಿಲ್ಲ? ಅವ್ವಂಗೆ ಕೊಟ್ಟ ಮಾತಿಗಾ? ಎಂಥ ದೊಡ್ಡ ಮನಸ್ಸಪ್ಪ ನಿಂದು...”

“ದೊಡ್ಡ ಮನಸ್ಸೂ ಇಲ್ಲ, ಏನೂ ಇಲ್ಲ!” ಫೈಸಲ್‌ನ ದನಿ ಏರಿತು. ಒಂದು ವಾರ ಅದುಮಿಟ್ಟದ್ದು ಅದರಲ್ಲಿತ್ತು. “ನಾಲಿಗೆ ತುದಿಗೆ ಬಂದಿತ್ತು ದಯಣ್ಣ. ನುಂಗ್ಕೊಂಡೆ. ಯಾಕೆ ಗೊತ್ತಾ? ನಿಮ್ಮವ್ವನೇ ತಗೊಂಡಿದ್ದು ಅಂತ ನಾನು ಅಂದಿದ್ರೆ, ನೀವು ನಂಬ್ತಿದ್ರಾ? ನಿಜ ಹೇಳಿ. ನಂಬ್ತಿದ್ರಾ?”

ಹೌದು ಎಂದುಬಿಡುವುದು ಸುಲಭವಿತ್ತು.

“ಇಲ್ಲ,” ಎಂದ ದಯಾನಂದ. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. “ನಂಬ್ತಿರ್ಲಿಲ್ಲ ಕಣಪ್ಪ. ಅವ್ವನ ಮೇಲೆ ಹಾಕ್ತೀಯಾ ಅಂತ ಹೊಡೀತಿದ್ದೆ.”

ಫೈಸಲ್ ಅವನನ್ನೇ ನೋಡಿದ. ಕ್ಷಮಿಸಿದ್ದೇನೆ ಎನ್ನಲಿಲ್ಲ.

“ಅದನ್ನೇ ಇವ್ರಿಗೂ ಹೇಳಿ,” ಎಂದ ಬೆಂಚಿನ ಕಡೆ ಕೈ ತೋರಿ. “ಅವತ್ತು ಇಲ್ಲಿದ್ದೋರೇ ಎಲ್ರೂ ಇದಾರೆ. ಅರ್ಧಂಬರ್ಧ ಬೇಡ. ಮೊದಲಿಂದ ಹೇಳಿ.”

ದಯಾನಂದ ಜನರ ಕಡೆಗೆ ತಿರುಗಿದ. ಎಲ್ಲಿಂದ ಶುರು ಮಾಡಬೇಕು? ಖಾಲಿ ಕಾಯಿಯಿಂದಲೇ? ಈ ಚೀಲ ಮಣ್ಣಿಗೆ ಬಿದ್ದ ಬೆಳಗಿನಿಂದಲೇ? ಅಲ್ಲ. ಅದಕ್ಕೂ ಹಿಂದೆ ಒಂದಿತ್ತು.

“ನಂಗೊಬ್ಳು ತಂಗಿ ಅವ್ಳೆ,” ಎಂದ. “ಧನ್ಯಶ್ರೀ ಅಂತ.”

ಆ ಹೆಸರನ್ನು ಅವನು ಊರಿನೆದುರು ಆಡದೆ ಎರಡು ವರ್ಷವಾಗಿತ್ತು. ಅಲ್ಲಿಂದ ಮುಂದಕ್ಕೆ ಒಂದನ್ನೂ ಬಿಡದೆ ಹೇಳಿದ. ಬಸ್ಸು ಬಂದು ಹಾರನ್ ಹಾಕಿತು. ಯಾರೂ ಏಳಲಿಲ್ಲ.